ಜಾತಿ ನಾಯಿ ನೋಡಲು ಜಾರ್ಜಿಯಾಕ್ಕೆ

ನಾನು ವಿಮಾನ ಹತ್ತಿ ಹೊರದೇಶಕ್ಕೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಒಂದು ನಾಯಿಮರಿಯನ್ನು ಬೇಡ ಎಂದು ಹೇಳುವುದಕ್ಕೆ. ಜಾರ್ಜಿಯಾದಲ್ಲಿ ಏನೇನು ನೋಡಿದಿರಿ ಗೌಡ್ರೇ ಎಂದು ಆಲೂರು ಸಂತೆಯಲ್ಲಿ ಯಾರಾದರೂ ಕೇಳಿದರೆ, ನಾಯಿ ನೋಡಿದೆ ಎನ್ನುತ್ತೇನೆ. ನಗುತ್ತಾರೆ. ನಗಲಿ.

ನನ್ನ ಅಕ್ಕ ಜಯಮ್ಮನ ಕಾಫಿ ತೋಟ ಇರುವುದು ಹೆಗ್ಗದ್ದೆಯ ಹತ್ತಿರ, ಕಾಡಿನ ಅಂಚಿಗೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ರುದ್ರಪ್ಪನವರನ್ನು ಅವರದೇ ತೋಟದಲ್ಲಿ ಆನೆ ತುಳಿದು ಕೊಂದಿತು. ಅವರ ಒಬ್ಬಳೇ ಮಗಳು ಚೈತ್ರ ಜಾರ್ಜಿಯಾದ ಟಿಬಿಲಿಸಿಯಲ್ಲಿ ಡಾಕ್ಟರಿಕೆ ಓದುತ್ತಾಳೆ. ಅಪ್ಪನ ಮಣ್ಣಿಗೆ ಬಂದು ಮುಟ್ಟಲು ಅವಳಿಂದ ಆಗಲಿಲ್ಲ. ತಿಥಿಗೆ ಬಂದು, ಅತ್ತು, ಪರೀಕ್ಷೆ ಇದೆಯೆಂದು ವಾಪಸು ಹೋದಳು. ಈ ವರ್ಷ ಫೋನಿನಲ್ಲಿ ಅವಳದು ಒಂದೇ ಹಟ. ಅಮ್ಮ ಒಬ್ಬಳೇ ತೋಟ ಸುತ್ತುತ್ತಾಳೆ, ಅವಳಿಗೆ ಇಲ್ಲಿಂದ ಒಂದು ಜಾತಿ ನಾಯಿ ಕಳಿಸುತ್ತೇನೆ, ಇಲ್ಲಿ ಕುರಿ ಕಾಯುವ ನಾಯಿಗಳು ಕರಡಿಯನ್ನೇ ಓಡಿಸುತ್ತವೆ, ನಿಮ್ಮ ಆನೆ ಯಾವ ಲೆಕ್ಕ ಎಂದು.

ಅಕ್ಕ ನನ್ನನ್ನು ಕರೆಸಿದಳು. "ನೀನೇ ಹೋಗ್ ಬಾರೋ. ಇನ್ನೊಂದು ಜಾತಿ ನಾಯಿ ಈ ಅಂಗಳಕ್ಕೆ ಬ್ಯಾಡ. ಆದ್ರೆ ಯಾಕ್ ಬ್ಯಾಡ ಅಂತ ಅವಳ್ಗೆ ಹೇಳ್ಬ್ಯಾಡ ಕಣೋ. ಆ ಮಗ ತಡ್ಕಳಲ್ಲ."

ಯಾಕೆ ಬೇಡ ಎನ್ನುವುದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕತೆ ಹೇಳುವ ವಿದ್ಯೆ ನನಗೆ ಬರುವುದಿಲ್ಲ. ಭಾವನಿಗೆ ಎರಡು ನಾಯಿ. ಒಂದು ಶೇರು, ಜರ್ಮನ್ ಶೆಫರ್ಡ್. ಅದರ ಅಪ್ಪ ಚಾಂಪಿಯನ್, ತಾತ ಚಾಂಪಿಯನ್. ಅದರ ವಂಶದ ಕಾಗದಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ನೇತುಹಾಕಿದ್ದರು. ನಮ್ಮ ಮನೆತನದ್ದೇ ಅಷ್ಟು ತಲೆಮಾರು ನಮಗೆ ಗೊತ್ತಿಲ್ಲ. ಯಾರು ಬಂದರೂ ಅದನ್ನು ತೋರಿಸಿ, "ನೂಲಿನಂತೆ ಸೀರೆ, ತಾಯಿಯಂತೆ ಮಗಳು. ರಕ್ತ ನೋಡ್ಬೇಕು ಕಣ್ರೀ" ಎನ್ನುತ್ತಿದ್ದರು. ಇನ್ನೊಂದು ಕರಿ. ಕೂಲಿಯವರ ಲೈನಿನಲ್ಲಿ ಹುಟ್ಟಿದ ಕಪ್ಪು ಹೆಣ್ಣು ನಾಯಿ. ಅಂಥದ್ದಕ್ಕೆ ನಮ್ಮ ಕಡೆ ಕಂತ್ರಿ ಎನ್ನುತ್ತಾರೆ. ಇಂಗ್ಲಿಷಿನವರು ನಾಡಿಗೆ ಹೇಳುವ ಕಂಟ್ರಿ ಎಂಬ ಮಾತನ್ನು ನಾವು ಬೈಗುಳ ಮಾಡಿಕೊಂಡೆವು.

ಕರಿಯದು ಒಂದೇ ಅಭ್ಯಾಸ. ಆನೆಯ ವಾಸನೆ ಸಿಕ್ಕಿದರೆ ಬೊಗಳುತ್ತಿರಲಿಲ್ಲ. ದಾರಿಯ ನಡುವೆ ಕುಂಡೆ ಊರಿ ಕುಳಿತುಬಿಡುತ್ತಿತ್ತು. ಗದರಿದರೂ ಏಳುತ್ತಿರಲಿಲ್ಲ. ಪುಕ್ಕಲು ಎಂದು ಎಲ್ಲರೂ ನಗುತ್ತಿದ್ದರು. ಶೇರುವಾದರೆ ನುಗ್ಗಿ ಬೊಗಳುತ್ತಿತ್ತು. ಆದರೆ ಆನೆ ತಿರುಗಿ ನಿಂತರೆ ಬೊಗಳಿದ ನಾಯಿ ಓಡುವುದು ಎಲ್ಲಿಗೆ? ಯಜಮಾನನ ಕಾಲಸಂದಿಗೆ. ಆನೆಯೂ ಅದರ ಬೆನ್ನಿಗೇ ಬರುತ್ತದೆ.

ಆ ಬೆಳಿಗ್ಗೆ ನಡೆದದ್ದೂ ಅದೇ. ಲೈನಿನ ಗಂಗಮ್ಮ ಮೇಲಿನ ದಾರಿಯಿಂದ ಎಲ್ಲ ನೋಡಿದ್ದಳು. ಕರಿ ದಾರಿಗಡ್ಡ ಕುಳಿತಿತ್ತು. ಭಾವ, "ಎದ್ದೋಗು ದರಿದ್ರದ್ದೇ" ಎಂದು ಬೈದು, ಅದನ್ನು ದಾಟಿಕೊಂಡು ಶೇರುವಿನ ಹಿಂದೆ ಹೋದರು. ಆಮೇಲೆ ಊರು ಕತೆಯನ್ನು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡಿತು. ಹೊರಟಾಗ ಅಡ್ಡ ಕುಳಿತದ್ದು ಅಪಶಕುನ, ಶೇರು ಯಜಮಾನನಿಗಾಗಿ ಹೋರಾಡಿತು, ಕರಿ ಸುಮ್ಮನೆ ಕುಳಿತು ನೋಡಿತು. ಈ ಕತೆಯನ್ನೇ ಕೇಳಿದ ಚೈತ್ರ, ಆ ನಾಯಿ ಮನೆಯಲ್ಲಿದ್ದರೆ ನಾನು ಮನೆಗೆ ಕಾಲಿಡುವುದಿಲ್ಲ ಎಂದು ಫೋನಿನಲ್ಲಿ ಕಿರುಚಿದಳು. ಗಬ್ಬದ ನಾಯಿಯನ್ನು ಜೀಪಿಗೆ ಹಾಕಿಕೊಂಡು ಹೋಗಿ ಆನೇಮಹಲ್ ರಸ್ತೆ ಬದಿಗೆ ಬಿಟ್ಟು ಬಂದರು. ಗಂಗಮ್ಮ ಬಾಯಿ ಬಿಟ್ಟದ್ದು ಅದಾದ ಮೇಲೆ, ಅಕ್ಕನ ಮುಂದೆ ಮತ್ತು ನನ್ನ ಮುಂದೆ ಮಾತ್ರ.

ಟಿಬಿಲಿಸಿ

ಚೈತ್ರ ವಿಮಾನ ನಿಲ್ದಾಣದಲ್ಲಿ "ಮಾಮ" ಎಂದು ಕೂಗಿ ಓಡಿಬಂದು ತಬ್ಬಿಕೊಂಡಳು. ಪಕ್ಕದಲ್ಲಿದ್ದ ಅವಳ ಮನೆಯೊಡತಿ ಮನಾನಾ ಕಣ್ಣೊರೆಸಿಕೊಂಡು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅರವತ್ತರ ವಯಸ್ಸಿನಲ್ಲಿ, ಅದೂ ಬೇರೆಯವರ ಹೆಂಗಸಿನಿಂದ. ನಾನು ಬೆಪ್ಪಾಗಿ ನಿಂತೆ. ಆಮೇಲೆ ತಿಳಿಯಿತು, ಅವರ ಭಾಷೆಯಲ್ಲಿ ಮಾಮ ಎಂದರೆ ಅಪ್ಪ. ಹುಡುಗಿಯ ಅಪ್ಪ ದೂರದಿಂದ ಬಂದ ಎಂದು ಆಕೆಗೆ ಕರುಳು ಚುರುಕ್ ಎಂದಿತ್ತು.

"ಅಲ್ಲ ಅಂತ ಹೇಳವ್ವ" ಎಂದೆ.

"ಬಿಡು ಮಾಮ, ಎಷ್ಟ್ ಜನಕ್ಕೆ ಹೇಳಣ" ಎಂದಳು. ಅಪ್ಪ ಸತ್ತದ್ದನ್ನು ಅವಳು ಆ ಊರಿನಲ್ಲಿ ಯಾರಿಗೂ ಹೇಳಿಯೇ ಇರಲಿಲ್ಲ.

ಮನಾನಾ ಊಟಕ್ಕೆ ಇಟ್ಟದ್ದಕ್ಕೆ ಹಿಂಕಾಲಿ ಎಂದು ಹೆಸರು. ನನಗೆ ಹಿಂಗಾಲು ಎಂದು ಕೇಳಿಸಿ, ಯಾವ ಪ್ರಾಣಿಯದು ಎಂದು ಗಾಬರಿಯಾಯಿತು. ನೋಡಿದರೆ ನಮ್ಮ ಮೋದಕದಂತೆ ನೆರಿಗೆ ಹಿಡಿದ ಕಡುಬು, ಒಳಗೆ ಮಾಂಸ ಮತ್ತು ಸಾರು. ತುದಿಯ ತೊಟ್ಟನ್ನು ತಿನ್ನಬಾರದಂತೆ, ತಟ್ಟೆಯಲ್ಲಿ ಬಿಡಬೇಕಂತೆ. ಅನ್ನ ಬಿಟ್ಟರೆ ಬೈಸಿಕೊಂಡು ಬೆಳೆದವನು ನಾನು, ಎಲ್ಲ ತೊಟ್ಟನ್ನೂ ತಿಂದು ಮುಗಿಸಿದೆ. ಆಕೆ ಒಂದೂ ತೊಟ್ಟಿಲ್ಲದ ನನ್ನ ತಟ್ಟೆ ನೋಡಿ, ಪಾಪ ಏನೂ ತಿಂದಿಲ್ಲ ಎಂದು ಮತ್ತೆ ಬಡಿಸಿದಳು.

ಆ ಊರಿನ ಬೀದಿ ನಾಯಿಗಳ ಕಿವಿಗೆ ಬಣ್ಣದ ಬಿಲ್ಲೆ. ಸೂಜಿ ಹಾಕಿಸಿದ ಗುರುತಂತೆ. ಅಂಗಡಿಯ ಹೊಸ್ತಿಲಲ್ಲಿ ಅಡ್ಡ ಮಲಗಿರುತ್ತವೆ, ಗಿರಾಕಿಗಳು ಅವನ್ನು ಎಬ್ಬಿಸದೆ ಕಾಲೆತ್ತಿ ದಾಟಿ ಒಳಗೆ ಹೋಗುತ್ತಾರೆ. ನಮ್ಮೆದುರೇ ಒಬ್ಬ ಹಾಗೆ ದಾಟಿದ. ಚೈತ್ರ ನಗುತ್ತಿದ್ದಳು. ನಾನು ಬೇರೆ ಕಡೆ ನೋಡಿದೆ.

ಪದಕಗಳ ಮನೆ

ಮರುದಿನ ಅವಳು ಗೊತ್ತು ಮಾಡಿಟ್ಟಿದ್ದ ನಾಯಿಸಾಕಣೆಯವನ ಮನೆಗೆ ಹೋದೆವು. ಊರಾಚೆ ದೊಡ್ಡ ಗೇಟು, ಕತ್ತರಿಸಿದ ಹುಲ್ಲು. ಒಳಗಿನ ಗೋಡೆಯ ತುಂಬ ಪದಕ, ರಿಬ್ಬನ್ನು, ಬಹುಮಾನದ ಕಪ್ಪು. ಹುಲ್ಲಿನ ಮೇಲೆ ಒಂದು ನಾಯಿ ಕುಳಿತಿತ್ತು. ನಾಯಿ ಎನ್ನುವುದಕ್ಕೇ ಧೈರ್ಯ ಬೇಕು, ಅಷ್ಟು ಗಾತ್ರ. ಕುತ್ತಿಗೆಯ ಕೂದಲನ್ನು ಬಾಚಿದ್ದರು. ಸಕಲೇಶಪುರದಲ್ಲಿ ಮದುವೆಗೆ ಹೊರಟ ಎಸ್ಟೇಟ್ ಯಜಮಾನರ ಗತ್ತು ಅದರ ಮುಖದಲ್ಲಿತ್ತು.

ಮಾಲೀಕ ಕಾಗದ ಬಿಚ್ಚಿದ. ಅಪ್ಪ, ತಾತ, ಮುತ್ತಾತ. ಭಾವನ ಹಜಾರದ ಗೋಡೆ ಇಲ್ಲಿಗೂ ನಡೆದು ಬಂದಂತೆ ಕಂಡಿತು. ನಾನು ಒಂದೇ ಪ್ರಶ್ನೆ ಕೇಳಿಸಿದೆ. ಈ ನಾಯಿ ತೋಳ ನೋಡಿದೆಯಾ?

ಆತನಿಗೆ ಸಿಟ್ಟು ಬಂತು. ಚೈತ್ರ ಅನುವಾದಿಸಿದಳು. "ಇದ್ರ ಮುತ್ತಾತ ತೋಳ ಕೊಂದಿತ್ತಂತೆ ಮಾಮ. ಸಿಂಹದ್ ಮರಿಗೆ ಬೇಟೆ ಕಲಿಸ್ತಾರಾ ಅಂತಾವ್ರೆ."

"ಮುತ್ತಾತನ್ನ ಕಳಿಸ್ತಾನಂತಾ ನಮ್ಮೂರ್ಗೆ?"

ಇದನ್ನು ಅವಳು ಅನುವಾದಿಸಲಿಲ್ಲ. ಮರಿಯೊಂದನ್ನು ಎತ್ತಿಕೊಂಡು ಅದರ ತಲೆಗೆ ಮುಖ ಒತ್ತಿ ನಿಂತಿದ್ದಳು. "ನಮ್ಮಪ್ಪ ಇದ್ದಿದ್ರೆ ಇದ್ನೇ ತಗತಿದ್ರು" ಎಂದಳು. ಅದು ನಿಜ. ಮರಿ ನಮ್ಮದೇ, ಬಂದು ಒಯ್ಯುತ್ತೇವೆ ಎಂದು ಹೇಳಿ ಬಂದಳು. ಬೇಡ ಎನ್ನಲು ಅಷ್ಟು ದೂರ ಹೋದವನು ತುಟಿ ಹೊಲಿದುಕೊಂಡು ಕಾರು ಹತ್ತಿದೆ.

ಸಂಜೆ ಮನಾನಾ ನಾವು ತಂದ ವಂಶದ ಕಾಗದ ನೋಡಿ ಮೂಗು ಮುರಿದಳು. ಇವು ಹಜಾರದ ನಾಯಿ, ನಿಜವಾದ್ದು ಬೇಕಾದರೆ ನನ್ನ ತಮ್ಮ ಗೇಲಾನ ಹತ್ತಿರ ಹೋಗಿ, ಅವನು ಈಗ ಕುರಿ ಇಳಿಸಿಕೊಂಡು ಅಲವಾನಿಗೆ ಬಂದಿದ್ದಾನೆ ಎಂದಳು. ನಾನು ತಕ್ಷಣ ಹೂಂ ಎಂದೆ. ಮುಳುಗುವವನಿಗೆ ಹುಲ್ಲುಕಡ್ಡಿ.

ಅಲವಾನಿ

ಚಳಿ ಶುರುವಾಗುವ ಮುಂಚೆ ಅಲ್ಲಿಯ ಕುರುಬರು ಬೆಟ್ಟದ ಹುಲ್ಲುಗಾವಲು ಬಿಟ್ಟು ಕೆಳಗೆ ಇಳಿಯುತ್ತಾರೆ. ಅಲವಾನಿ ಬೆಟ್ಟದ ಬುಡದ ಹಳ್ಳಿ. ದಾರಿಯುದ್ದಕ್ಕೂ ಕುರಿ. ನಮ್ಮ ಕಾರು ಕುರಿಯ ನಡುವೆ ಸಿಕ್ಕಿಹಾಕಿಕೊಂಡು ನಿಂತಿತು. ಹಾರ್ನ್ ಹೊಡೆದವರು ಒಬ್ಬರೂ ಇಲ್ಲ. ಶಿರಾಡಿ ಘಾಟಿಯಲ್ಲಿ ಲಾರಿ ಸಿಕ್ಕಿಕೊಂಡಾಗ ನಮ್ಮವರು ಎಬ್ಬಿಸುವ ಗದ್ದಲ ನೆನಪಾಯಿತು.

ಕಾರಿಳಿದು ಗೇಲಾನ ದೊಡ್ಡಿಯ ಕಡೆ ನಡೆದಾಗ ಮೂರ್ನಾಲ್ಕು ನಾಯಿಗಳು ಸದ್ದಿಲ್ಲದೆ ನಮ್ಮತ್ತ ಬಂದವು. ಕಿವಿಗಳನ್ನು ಬುಡಕ್ಕೇ ಕತ್ತರಿಸಿದ್ದರು, ತೋಳದ ಬಾಯಿಗೆ ಸಿಗಬಾರದೆಂದು. ನಾನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದೆ. ಬಗ್ಗಿ ಕಲ್ಲು ಹೆಕ್ಕುವವನಂತೆ ನೆಲಕ್ಕೆ ಕೈ ಹಾಕಿದೆ. ನಮ್ಮೂರಿನ ಎಂಥ ನಾಯಿಯೂ ಇಷ್ಟಕ್ಕೇ ಬಾಲ ಮಡಚಿ ಓಡುತ್ತದೆ. ಇವು ಓಡಿ ಬಂದವು, ನನ್ನ ಮೇಲೆ. ಒಂದು ನನ್ನ ಸ್ವೆಟರಿನ ತೋಳು ಹಿಡಿದು ಎಳೆಯಿತು.

"ಕುಂತ್ಕೋ ಮಾಮ! ಕುಂತ್ಕೋ!" ಚೈತ್ರ ಕೂಗಿದಳು.

ಕುಳಿತೆ, ಕೆಸರಿನಲ್ಲಿಯೇ. ನಾಯಿಗಳು ತಟ್ಟನೆ ನಿಂತವು. ಗೇಲಾ ಸಿಳ್ಳೆ ಹಾಕುತ್ತ ಬಂದ. ನನ್ನ ವಯಸ್ಸಿನವನೇ, ಒಂದು ಕೈಯಲ್ಲಿ ಎರಡು ಬೆರಳಿಲ್ಲ. ನನ್ನನ್ನು ಎತ್ತಿ ನಿಲ್ಲಿಸಿ, ಚೈತ್ರಳ ಮಾಮ ಎಂದು ತಿಳಿದು ಮನಾನಾಳ ಹಾಗೆಯೇ ಕೆನ್ನೆಗೆ ಮುತ್ತಿಟ್ಟ. ಸ್ವೆಟರಿಗೆ ಕ್ಷಮೆ ಕೇಳಲಿಲ್ಲ. ಬಗ್ಗಿದ್ದು ನೀನು ಎಂದ.

ಅವನ ನಾಯಿಗಳಿಗೆ ಕಾಗದವಿಲ್ಲ. ಬಹುಪಾಲಿಗೆ ಹೆಸರೂ ಇಲ್ಲ. ತೋಳದ ಎದುರು ನಿಂತ ಮೇಲೆಯೇ ಹೆಸರಂತೆ, ಹೆಸರು ಬಂದದ್ದರ ಮರಿಯನ್ನಷ್ಟೇ ಸಾಕುವುದಂತೆ. ಬೋಂಬೋರಾ ಎಂಬ ಮುದಿ ಹೆಣ್ಣು ನಾಯಿಯನ್ನು ತೋರಿಸಿದ. ಅರ್ಧ ಬಾಲ ಇರಲಿಲ್ಲ, ಒಂದು ಕಣ್ಣು ಬಿಳಿಚಿತ್ತು. ಅದನ್ನು ಅವನು ಮುದ್ದಿಸಲಿಲ್ಲ, ಅದೂ ಬಯಸಲಿಲ್ಲ.

ನಿಲ್ಲದೆ ಓಡಿ ಬಂದ ನಾಯಿಯನ್ನು ಏನು ಮಾಡುತ್ತೀಯ ಎಂದು ಕೇಳಿಸಿದೆ. ಗೇಲಾ ತೋರುಬೆರಳನ್ನು ಬಂದೂಕಿನಂತೆ ಚಾಚಿದ. ಮುಖದಲ್ಲಿ ಜಂಬವಿರಲಿಲ್ಲ, ಬೇಸರವೂ ಇರಲಿಲ್ಲ. ಕಾಗದದವರನ್ನು ಬೈದುಕೊಂಡು ಬಂದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಗುಣ ನೋಡಿ ತಳಿ ಮಾಡುವುದು ಎಂದರೆ ಇದು. ಒಳ್ಳೆಯದು ಉಳಿದಿರುವುದು ಮಿಕ್ಕದ್ದನ್ನೆಲ್ಲ ಹೂತದ್ದರಿಂದ. ನಮ್ಮಲ್ಲಿ ಹೆಣ್ಣು ಮರಿಗಳನ್ನು ಚೀಲದಲ್ಲಿ ಕಟ್ಟಿ ರಸ್ತೆ ಬದಿಗೆ ಎಸೆಯುತ್ತಾರೆ. ಇವನು ನೋಡಿ ಕೊಲ್ಲುತ್ತಾನೆ, ನಾವು ನೋಡದೆಯೇ ಕೊಲ್ಲುತ್ತೇವೆ. ಯಾವುದು ಮೇಲು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಗೇಲಾನ ಮೇಜು

ಮಧ್ಯಾಹ್ನ ಊಟಕ್ಕೆ ಕೂರಿಸಿದ. ಕುರಿಚರ್ಮದ ಚೀಲದಲ್ಲಿ ಹುದುಗಿಸಿದ ಚೀಸು, ರೊಟ್ಟಿ, ಕುರಿ ಮಾಂಸ, ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನು. ಅಲ್ಲಿ ಸುಮ್ಮನೆ ಕುಡಿಯುವ ಹಾಗಿಲ್ಲ. ಲೋಟ ಎತ್ತುವ ಮುಂಚೆ ಯಾರಿಗೆ, ಯಾಕೆ ಎಂದು ಹೇಳಬೇಕು. ಮೊದಲು ದೇವರಿಗೆ ಆಯಿತು, ಬಂದ ನೆಂಟರಿಗೆ ಆಯಿತು. ಆಮೇಲೆ ಸತ್ತವರಿಗೆ. ಗೇಲಾ ಎದ್ದು ನಿಂತು, ರೊಟ್ಟಿಯ ಚೂರಿನ ಮೇಲೆ ನಾಲ್ಕು ಹನಿ ವೈನು ಬಿಟ್ಟು ಅವನ ತಾಯಿಯ ಹೆಸರು ಹೇಳಿದ. ನಮ್ಮ ಹಿರಿಯರ ಎಡೆಯೇ. ಎಡೆ ಇಡುವವರು ಸಿಕ್ಕಿದರು ಎಂದು ನನ್ನ ಮನಸ್ಸು ಕರಗಿತು.

ಚೈತ್ರ ಎದ್ದಳು. ಅವಳೂ ರೊಟ್ಟಿಯ ಮೇಲೆ ವೈನು ಹನಿಸಿ, ಅವರ ಭಾಷೆಯಲ್ಲಿಯೇ, "ಮಾಮ" ಎಂದಳು.

ಗೇಲಾ ಬೆಚ್ಚಿ ನನ್ನನ್ನು ನೋಡಿದ. ಬದುಕಿ ಎದುರಿಗೆ ಕುಳಿತ ಅಪ್ಪನಿಗೆ ಎಡೆ ಇಡುವ ಮಗಳೇ? ಅವಳು ಹೇಳಲೇಬೇಕಾಯಿತು. ಇವರು ಅಮ್ಮನ ತಮ್ಮ, ನನ್ನ ಅಪ್ಪ ಹೋದ ವರ್ಷ ಸತ್ತರು, ಆನೆ ತುಳಿಯಿತು, ನಮ್ಮ ನಾಯಿ ಅವರಿಗಾಗಿ ಹೋರಾಡಿತು. ವರ್ಷದಿಂದ ಯಾರಿಗೂ ಹೇಳದವಳು ಒಂದೇ ಉಸಿರಿಗೆ ಹೇಳಿದಳು. ನನಗೆ ಅರ್ಥವಾದದ್ದು ಶೇರು ಎಂಬ ಹೆಸರು ಮಾತ್ರ, ಅಷ್ಟರಿಂದಲೇ ಉಳಿದದ್ದು ತಿಳಿಯಿತು.

ಗೇಲಾ ಏನೋ ಕೇಳಿದ. ಅವಳು ಉತ್ತರ ಹೇಳಿದಳು. ಅವನು ಮತ್ತೇನೋ ಕೇಳಿದ. ಅವಳು ನನ್ನ ಕಡೆ ತಿರುಗಿದಳು.

"ಮಾಮ, ಶೇರುಗೆ ಗಾಯ ಎಷ್ಟಾಗಿತ್ತು ಅಂತ ಕೇಳುದ್ರು. ಒಂದ್ ಗೀರೂ ಆಗ್ನಿಲ್ಲ ಅಂದೆ. ಯಜಮಾನ ಸತ್ತು ನಾಯಿಗೆ ಗೀರೂ ಇಲ್ದಿದ್ರೆ, ನಾಯಿ ಎಲ್ಲಿತ್ತು ಅಂತಾವ್ರೆ." ಆಮೇಲೆ ಅವಳೇ ಕೇಳಿದಳು. "ಶೇರು ಎಲ್ಲಿತ್ತು ಮಾಮ?"

ಅಕ್ಕನಿಗೆ ಮಾತು ಕೊಟ್ಟಿದ್ದೆ. ಆದರೆ ಆ ಮರಿ ಹೆಗ್ಗದ್ದೆಗೆ ಬಂದರೆ ಮುಂದಿನ ಎಡೆ ಅಕ್ಕನದೇ ಎಂಬುದೂ ನನಗೆ ಗೊತ್ತಿತ್ತು.

"ನಿಮ್ಮಪ್ಪನ ಹಿಂದೆ ಇತ್ತು ಕಣವ್ವ" ಎಂದೆ. "ಆನೇನ ಕೆಣಕಿ, ಅದು ತಿರುಗ್ದೇಟ್ಗೆ ನಿಮ್ಮಪ್ಪನ ಹತ್ರಕ್ಕೇ ಓಡ್ಬಂತು. ಆನೆ ಬಂದಿದ್ದು ನಾಯಿ ಹಿಂದೆ."

ಅವಳು ಅದನ್ನು ಗೇಲಾನಿಗೆ ಅನುವಾದಿಸಿದಳು. ಯಾಕೆ ಅನುವಾದಿಸಿದಳೋ. ಕೈಗೆ ಏನಾದರೂ ಕೆಲಸ ಬೇಕಿತ್ತೇನೋ. ಬೇರೆ ನಾಯಿ ಇರಲಿಲ್ಲವೇ ಎಂದು ಅವನು ಕೇಳಿದ. ನಾನು ಕರಿಯ ಮಾತು ಹೇಳಿದೆ. ಆನೆ ಇದ್ದಲ್ಲೆಲ್ಲ ಅದು ಹೇಗೆ ಕುಳಿತುಬಿಡುತ್ತಿತ್ತು, ಆ ಬೆಳಿಗ್ಗೆಯೂ ಹೇಗೆ ಕುಳಿತಿತ್ತು, ಗಂಗಮ್ಮ ಏನು ನೋಡಿದಳು. ಒಂದೊಂದು ಮಾತಿಗೂ ಅವಳ ಅನುವಾದ ಚಿಕ್ಕದಾಗುತ್ತ ಬಂತು. ಕೊನೆಗೆ ನಿಂತಿತು.

ಆ ನಾಯಿ ಈಗ ಎಲ್ಲಿದೆ ಎಂದು ಗೇಲಾ ಕೇಳಿರಬೇಕು. ಅವಳು ನನ್ನನ್ನು ಕೇಳದೆ ತಾನೇ ಉತ್ತರ ಕೊಟ್ಟಳು. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದಳು. "ನಾನೇ ಬಿಡ್ಸಿದ್ದು ಅಂದೆ."

ಗೇಲಾ ರೊಟ್ಟಿ ಮುರಿದ. ಮರಿ ಕೊಡುವುದಿಲ್ಲ ಎಂದ. ನನ್ನ ನಾಯಿ ಹಿಂದೆ ಸರಿಯುವುದಿಲ್ಲ, ನಿಮ್ಮ ಕಾಡಿನಲ್ಲಿ ಅಂಥದ್ದು ಮೊದಲ ವಾರವೇ ಯಾರನ್ನಾದರೂ ಕೊಲ್ಲಿಸುತ್ತದೆ. ನಿಮ್ಮ ಆ ನಾಯಿ ಇಲ್ಲಿ ಹುಟ್ಟಿದ್ದರೆ ಕುಳಿತ ದಿನವೇ ನಾನು ಗುಂಡು ಹಾಕುತ್ತಿದ್ದೆ, ಅಲ್ಲಿಗೆ ಅದೇ ಸರಿಯಾದ ನಾಯಿ ಎಂದ. ಮತ್ತೆ ಎದ್ದು, ಇನ್ನೊಂದು ರೊಟ್ಟಿಚೂರಿಗೆ ವೈನು ಹನಿಸಿ, ಆ ನಾಯಿಯ ಹೆಸರು ಕೇಳಿದ.

"ಕರಿ" ಎಂದಳು ಚೈತ್ರ.

ವಾಪಸು ಬರುವಾಗ ಕಾರಿನಲ್ಲಿ ಅವಳು ಪದಕಗಳ ಮನೆಗೆ ಫೋನು ಮಾಡಿ ಮರಿ ಬೇಡ ಎಂದಳು. ನನ್ನ ಕೆಲಸ ಮುಗಿದಿತ್ತು. ಸಂತೋಷ ಮಾತ್ರ ಇರಲಿಲ್ಲ. ಕೊಯ್ಲು ಮುಗಿದ ದ್ರಾಕ್ಷಿ ತೋಟಗಳು ಹಿಂದೆ ಸರಿಯುತ್ತಿದ್ದವು. ಬಹಳ ದೂರ ಬಂದ ಮೇಲೆ ಕೇಳಿದಳು.

"ಅಪ್ಪ ಅದನ್ನ ದಾಟ್ಕಂಡು ಹೋದ್ರಾ ಮಾಮ?"

"ಹೂಂ ಕಣವ್ವ. ದಾಟ್ಕಂಡು ಹೋದ್ರು."

ಆನೇಮಹಲ್

ಊರಿಗೆ ಬಂದವನು ಮೊದಲು ಹೋದದ್ದು ಆನೇಮಹಲಿಗೆ. ರಸ್ತೆ ಬದಿಯ ಟೀ ಹೋಟೆಲಿನವನಿಗೆ ಕರಿಯ ನೆನಪಿತ್ತು.

"ಆ ಕರೇ ನಾಯಾ? ಮಳೇಲಿ ಲಾರಿಗೆ ಸಿಕ್ಬುಡ್ತು ಮಾರಾಯ್ರೆ. ಮರಿ ಹಾಕಿತ್ತು. ಗಂಡ್ ಮರಿನೆಲ್ಲ ಯಾರ್ಯಾರೋ ಎತ್ಕಂಡೋದ್ರು. ಹೆಣ್ಣೊಂದು ಇಲ್ಲೇ ಬಿದ್ದೈತೆ, ಯಾರ್ಗೂ ಬ್ಯಾಡ."

"ಅದ್ರದ್ದೇ ಮರಿ ಅಂತ ಗ್ಯಾರಂಟಿನಾ?"

"ನಾಯಿ ಜಾತ್ಕ ಯಾರ್ ಬರ್ದಿಟ್ಕಂತಾರೆ ಗೌಡ್ರೆ?"

ಅದು ಕಪ್ಪು ಕೂಡ ಅಲ್ಲ, ಮಣ್ಣು ಬಣ್ಣದ ಬಡಕಲು. ಎತ್ತಿಕೊಂಡು ಬಂದೆ. ದಾರಿಯಲ್ಲಿ ನನಗೆ ಭಾವನ ನೂಲು ಸೀರೆಯ ಗಾದೆ ನೆನಪಾಯಿತು. ನೋಡಿ, ಅಷ್ಟು ದೂರ ಹೋಗಿ ಬಂದು ನಾನೂ ಕೊನೆಗೆ ರಕ್ತವನ್ನೇ ನಂಬಿ ಹೊರಟಿದ್ದೆ.

ಅಕ್ಕ ಒಳಗಿನಿಂದ ತಟ್ಟೆ ತಂದಳು. ನಾಯಿಗೆ ಅನ್ನ ಕಲಸಿ ಹಾಕಿದಳು. ಶೇರು ಸರಪಳಿಯಲ್ಲಿ ಬೊಗಳುತ್ತಲೇ ಇತ್ತು. ಗಂಡ ಮುದ್ದಿಸಿದ ನಾಯಿಯನ್ನು ಕೊಡಲೂ ಅವಳಿಗೆ ಮನಸ್ಸಿಲ್ಲ, ಕಣ್ಣೆತ್ತಿ ನೋಡಲೂ ಮನಸ್ಸಿಲ್ಲ. ತೋಟ ಸುತ್ತುವ ಕೆಲಸ ನನ್ನದು, ನೀನು ಮನೆ ಬಿಟ್ಟು ಇಳಿಯಬೇಡ ಎಂದೆ. ಹೊಸ ನಾಯಿಗೆ ಹೆಸರು ಇಡಲಿಲ್ಲ. ಅದು ಕರಿಯ ಮಗಳೋ ಅಲ್ಲವೋ ತಿಳಿಯುವುದಕ್ಕೆ ಒಂದೇ ದಾರಿ, ಆ ದಾರಿಯಲ್ಲಿ ಆನೆ ಇರಬೇಕು.

ಚೈತ್ರ ಆಗಾಗ ಫೋನು ಮಾಡುತ್ತಾಳೆ. ಊಟ ಆಯ್ತಾ ಎನ್ನುವ ಮುಂಚೆಯೇ ಅದೇ ಮಾತು. "ಕುಂತ್ಕಂತಾ ಮಾಮ?" ಇನ್ನೂ ಇಲ್ಲ ಕಣವ್ವ ಎನ್ನುತ್ತಿದ್ದೆ.

ಕಾಫಿ ಕೊಯ್ಲು ಶುರುವಾದ ಮೇಲೆ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ. ಭಾವ ಬಿದ್ದ ಜಾಗಕ್ಕಿಂತ ಸ್ವಲ್ಪ ಮೇಲೆ, ನನ್ನ ಮುಂದೆ ಹೋಗುತ್ತಿದ್ದ ನಾಯಿ ನಿಂತಿತು. ಮೂಗೆತ್ತಿತು. ದಾರಿಯ ನಡುವೆ ಕುಳಿತುಕೊಂಡಿತು.

ನಾನೂ ನಿಂತೆ. ಏನೂ ಕಾಣಲಿಲ್ಲ. ಒಂದು ಕಡ್ಡಿ ಮುರಿದ ಸದ್ದೂ ಇಲ್ಲ. ಬಾ ಎಂದು ಮೆಲ್ಲಗೆ ಕರೆದರೆ ಏಳಲಿಲ್ಲ. ಕೆರೆದುಕೊಳ್ಳಲು ಕುಳಿತಿತೋ, ಸುಸ್ತಾಗಿ ಕುಳಿತಿತೋ. ಅದನ್ನು ದಾಟಲು ಒಂದು ಹೆಜ್ಜೆ ಸಾಕಿತ್ತು. ನಾನು ತಿರುಗಿ ಮನೆಯ ದಾರಿ ಹಿಡಿದೆ. ಸ್ವಲ್ಪ ಹೊತ್ತಿಗೆ ಅದೂ ನನ್ನ ಹಿಂದೆ ಬಂತು, ಸದ್ದಿಲ್ಲದೆ.

ಅವತ್ತು ನಾನೇ ಟಿಬಿಲಿಸಿಗೆ ಫೋನು ಮಾಡಿದೆ.

"ಕುಂತ್ಕಂತು ಕಣವ್ವ."

"ಆನೆ ಇತ್ತಾ ಮಾಮ?"

"ನೋಡಕ್ಕೆ ಹೋಗ್ನಿಲ್ಲ" ಎಂದೆ.